ಪಾರ್ಟು ಹುಬ್ಬಳ್ಳಿಯಿಂದ ಬರಬೇಕು

ಬಲಗಾಲು ಒಳಗೆ ಹೋಗಲೊಲ್ಲದು. ಹೆಗಲು ಹಿಡಿದವರು, ಸೊಂಟ ಹಿಡಿದವರು ಎಲ್ಲರೂ ಸೇರಿ ಹಾಲಸಿದ್ದಪ್ಪನನ್ನು ಮಣ್ಣಿಗೆ ಒಯ್ಯುವ ವಿಮಾನದೊಳಗೆ ಇಳಿಸಿ ಕೂರಿಸಿಯಾಗಿತ್ತು. ನಾಲ್ಕು ಬಿದಿರಿನ ಕಾಲು, ಮೇಲೊಂದು ಬಾಳೆಎಲೆಯ ಕಮಾನು, ಸುತ್ತ ಚೆಂಡುಹೂವಿನ ಮಾಲೆ. ಕೂತವನ ಹಣೆಗೆ ವಿಭೂತಿ. ಎಡ ಅಂಗೈಯಲ್ಲಿ ಲಿಂಗ. ಎಷ್ಟು ತೊಳೆದರೂ ಆ ಅಂಗೈಯ ಗೆರೆಗಳಲ್ಲಿ ಮೆಣಸಿನಕಾಯಿಯ ಕೆಂಪು ಹಾಗೇ ಉಳಿದಿತ್ತು. ಬಾಕಿ ಎಲ್ಲ ಸರಿ ಇತ್ತು. ಬಲಗಾಲೊಂದು ಮಾತ್ರ ಅರ್ಧಕ್ಕೆ ಬಾಗಿ, ಮುಂದಿನ ಅಡ್ಡಬಿದಿರಿಗೆ ತಾಗಿ ನಿಂತುಬಿಟ್ಟಿತ್ತು.

“ಸ್ವಲ್ಪ ಒತ್ತರಿ,” ಅಂದ ಯಾರೋ.

“ಒತ್ತಬ್ಯಾಡ್ರಿ. ಅದರಾಗ ರಾಡ್ ಐತಿ.”

ಬೆಳಗಿನಿಂದ ಶೈಲಾ ಆಡಿದ ಮೊದಲ ಮಾತು ಅದು. ಬಾಗಿಲ ಚೌಕಟ್ಟಿಗೆ ಒರಗಿ ನಿಂತವಳ ಕಡೆ ಎಲ್ಲರೂ ತಿರುಗಿದರು. ಹೆಂಡತಿ ಈಗ ಅತ್ತಾಳು, ಇನ್ನೊಂದು ಗಳಿಗೆಗೆ ಅತ್ತಾಳು ಎಂದು ನಿನ್ನೆಯಿಂದ ಕಾದವರಿಗೆ ಸಿಕ್ಕಿದ್ದು ಇಷ್ಟು.

ಬ್ಯಾಡಗಿಯ ದಲಾಲಿ ವಿಜಯಮಹಾಂತೇಶ ಬಗ್ಗಿ ಕಾಲನ್ನು ನೋಡಿದ. ಹಾಲಸಿದ್ದಪ್ಪ ದುಡಿಯುತ್ತಿದ್ದುದು ಅವನ ಅಂಗಡಿಯಲ್ಲೇ. “ಬಿದಿರ ಬಿಚ್ಚರಿ,” ಅಂದ. “ಕಾಲು ಮುಂದ ಇರ್ಲಿ. ಬ್ರೇಕ್ ಮ್ಯಾಲೆ ಇಟ್ಟಂಗ. ಹಂಗ ಕುಂತ್ರನ ಅಂವ ಹಾಲಸಿದ್ದಪ್ಪ.”

ಅಯ್ಯನವರು ಕಾಲನ್ನೊಮ್ಮೆ, ದಲಾಲಿಯನ್ನೊಮ್ಮೆ ನೋಡಿದರು. ಶಿವನಿಗೆ ಇದೆಲ್ಲ ನಡೆಯುತ್ತದೆ ಎಂಬಂತೆ ಕೈ ಆಡಿಸಿದರು. ಬಿದಿರು ಬಿಚ್ಚಿದರು, ಕಾಲು ಹೊರಬಂತು. ಈಗ ಹಾಲಸಿದ್ದಪ್ಪ ಎಲ್ಲಿಗೋ ಹೊರಟು, ಯಾರೋ ಬರಲೆಂದು ತಡೆದು ಕೂತವನ ಹಾಗೆ ಕಂಡ.

ಅಂಗಳದ ಆ ಬದಿಗೆ ತಗಡಿನ ಚಪ್ಪರದ ಕೆಳಗೆ ಅವನ ಮೋಟರ್‌ಸೈಕಲ್ ಗಾಡಿ ನಿಂತಿತ್ತು. ಸೀಟಿಗೆ ಗೊಬ್ಬರದ ಚೀಲದ ಮುಸುಕು. ಹಿಂದೆ ಎರಡೂ ಕಡೆ ಇಳಿಬಿದ್ದ ಬಟ್ಟೆಯ ಚೀಲಗಳ ತುಂಬ ಮೆಣಸಿನಕಾಯಿಯ ಮಾದರಿ. ಬ್ಯಾಡಗಿಯ ಪೇಟೆಗೆ ಬಂದ ಮಾಲಿನಲ್ಲಿ ಹಿಡಿ ಹಿಡಿ ತೆಗೆದು, ಹಾವೇರಿ, ರಾಣೆಬೆನ್ನೂರು, ನಡುವಿನ ಹಳ್ಳಿಗಳ ಅಂಗಡಿಗಳಿಗೂ ಖಾರದಪುಡಿ ಗಿರಣಿಗಳಿಗೂ ತೋರಿಸಿ ಬರುವುದು ಅವನ ಕೆಲಸ. ಬಿಸಿಲಿಗೆ ಡಾಂಬರು ಕರಗಲಿ, ಆಷಾಢದ ಗಾಳಿ ಸವಾರನನ್ನು ಹೆದ್ದಾರಿಯ ಈ ಅಂಚಿನಿಂದ ಆ ಅಂಚಿಗೆ ನೂಕಲಿ, ಅವನು ಗಾಡಿಯ ಮೇಲೆಯೇ. ಬಸ್ಸಿಗೆ ಹೋಗು ಅಂದವರಿಗೆ, ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ, ನಾನು ಹತ್ತಿದರೆ ಡ್ರೈವರನೂ ಸೀನುತ್ತಾನೆ ಅನ್ನುತ್ತಿದ್ದ. ಅದು ಸುಳ್ಳಲ್ಲ. ಮಣ್ಣಿಗೆ ಬಂದವರಲ್ಲಿ ಆ ಚಪ್ಪರದ ಹತ್ತಿರ ನಿಂತವರೆಲ್ಲ ನಿನ್ನೆಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ದುಃಖಕ್ಕೋ ಘಾಟಿಗೋ ಎಂದು ಕೇಳುವಂತಿರಲಿಲ್ಲ. ಆ ಘಾಟು ರೂಢಿಯಾಗಿ ಹೋಗಿದ್ದ ಶೈಲಾಳ ಕಣ್ಣು ಮಾತ್ರ ಒಣಗಿದ್ದವು.

“ಗಾಡಿ ಮುಂದ ಹೋಗ್ಲಿ,” ಅಂದ ವಿಜಯಮಹಾಂತೇಶ. “ಪ್ಯಾಟಿ ಮಂದಿ ಎಲ್ಲಾ ಹಂಗ ಅನ್ನಾಕತ್ತಾರ. ನಮ್ಮ ಗುಮಾಸ್ತ ಓಡಸ್ತಾನ. ಅದರ ಹಿಂದ ವಿಮಾನ.”

“ಚಾಲೂ ನಾ ಮಾಡಿ ಕೊಡತೇನಿ,” ಅಂದಳು ಶೈಲಾ.

ಸತ್ತವನ ಅಕ್ಕ ನೀಲಗಂಗವ್ವ ಮೇಡ್ಲೇರಿಯಿಂದ ಬಂದವಳು. ನಿನ್ನೆಯಿಂದ ಎಲ್ಲರ ಪಾಲಿನ ಅಳುವನ್ನೂ ಒಬ್ಬಳೇ ಅತ್ತು ದನಿ ಕೂತಿತ್ತು. ಆ ಕೂತ ದನಿಯಲ್ಲೇ ತಡೆದಳು.

“ಏನ್ ಮಾತಾಡತೀ ತಂಗಿ. ಗಂಡನ್ನ ಮುಂದ ಕುಂದರಿಸ್ಕೊಂಡು, ಸೀರಿ ಎತ್ತಿ ಕಟ್ಟಿ, ಮಂದಿ ಮುಂದ ಗಾಡೀಗೆ ಕಿಕ್ ಒದೀತಿಯೇನು? ಇವತ್ತ ಬಾಗಲಾ ದಾಟಬಾರದು ನೀ.”

“ದಿನಾ ಒದ್ದೇನಿ ಅಕ್ಕಾ.”

“ದಿನದ್ದು ಬ್ಯಾರೆ.”

“ನಿನ್ನಿದು ಬಾಕಿ ಐತಿ,” ಅಂದಳು ಶೈಲಾ, ಮನೆಯಲ್ಲಿ ಸಕ್ಕರೆ ತೀರಿದೆ ಎಂದು ಹೇಳುವ ದನಿಯಲ್ಲಿ.

*

ನಿನ್ನೆ ಗುರುವಾರ, ಬ್ಯಾಡಗಿಯ ಪೇಟೆಯ ದಿನ. ಬೆಳಿಗ್ಗೆಯಿಂದ ಇವತ್ತಿನ ಹಾಗೆಯೇ ಜಿಟಿಜಿಟಿ ಮಳೆ. ಹಾಲಸಿದ್ದಪ್ಪ ಅಂಗಿಯೊಳಗೆ ಎದೆಗೆ ಹಳೇ ಪೇಪರು ಮಡಿಸಿಟ್ಟುಕೊಂಡು, ಮೇಲೆ ರೇನ್‌ಕೋಟು ಏರಿಸಿ, ಹೊರಗಿನ ಕಟ್ಟೆಯ ಮೇಲೆ ಬೂಟು ಹಾಕಿಕೊಳ್ಳಲು ಕೂತ.

“ಶೈಲಾ, ಬಾ.”

ಒಲೆಯ ಮೇಲೆ ಹಾಲು ಅಂಚಿಗೆ ಬಂದಿತ್ತು. ತಡೀರಿ ಅಂದಳು.

ಅವನ ಮೊದಲ ಕೂಗು ಯಾವಾಗಲೂ ಅವನದೇ ದನಿಯಲ್ಲಿರುತ್ತಿತ್ತು. ಅದಕ್ಕೆ ಅವಳು ಬರದಿದ್ದರೆ ಎರಡನೆಯದು ಬೇರೆ ಯಾರದ್ದೋ ದನಿಯಲ್ಲಿ. ಒಮ್ಮೆ ಬಸ್ ಕಂಡಕ್ಟರನಾಗಿ ಮೂಗಿನಲ್ಲಿ, ಮೋಟೆಬೆನ್ನೂರು, ಬ್ಯಾಡಗಿ, ಹತ್ತರೀ ಲಗೂ ಅನ್ನುತ್ತಿದ್ದ. ಒಮ್ಮೆ ಹರಾಜು ಕೂಗುವವನಾಗಿ ಅವಳಿಗೇ ರೇಟು ಕಟ್ಟುತ್ತಿದ್ದ. ಅಯ್ಯನವರ ದನಿ ತೆಗೆದು ಶರಣು ಶರಣಾರ್ಥಿ ಅಂದಾಗ, ನಿಜವಾಗಿಯೂ ಅಯ್ಯನವರೇ ಬಂದರೆಂದು ಅವಳು ಸೆರಗು ಹೊದ್ದು ಹೊರಗೆ ಬಂದದ್ದೂ ಉಂಟು.

ನಿನ್ನೆ ಎರಡನೆಯ ಕೂಗು ಬರಲಿಲ್ಲ. ಅವಳು ಗ್ಯಾಸು ಆರಿಸಿ, ಹಾಲಿಗೆ ತಟ್ಟೆ ಮುಚ್ಚಿ, ಕೈ ಒರೆಸಿಕೊಂಡು ಹೊರಗೆ ಬಂದಳು. ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ಒಂದು ಬೂಟು ಕಾಲಿನಲ್ಲಿ, ಇನ್ನೊಂದು ಕೈಯಲ್ಲಿ. ತಡಮಾಡಿದ್ದಕ್ಕೆ ನಿದ್ದೆ ಬಂದವರ ಹಾಗೆ ನಟಿಸುವುದು ಅವನಿಗೆ ಹೊಸದಲ್ಲ. ಅವಳು ಸೀರೆ ಎತ್ತಿ ಸಿಗಿಸಿ, ಗಾಡಿಯ ಹತ್ತಿರ ಹೋಗಿ, ಕಿಕ್ಕಿನ ಮೇಲೆ ಕಾಲಿಟ್ಟು ನಿಂತಳು. ಚಾವಿ ಅವನ ಕಿಸೆಯಲ್ಲಿತ್ತು.

“ಸಾಕ್ ಏಳ್ರಿ ನಾಟಕ,” ಅಂದಳು.

ಮಳೆ ತಗಡಿನ ಮೇಲೆ ಬೀಳುತ್ತಿತ್ತು. ಕಾಲು ಕಿಕ್ಕಿನ ಮೇಲೆ ಎಷ್ಟು ಹೊತ್ತು ಇತ್ತೋ ಅವಳಿಗೆ ಗೊತ್ತಿಲ್ಲ. ಆಮೇಲೆ ಯಾರೋ ಒಳಗೆ ಹೋಗಿ ತಟ್ಟೆ ತೆಗೆದಾಗ ಹಾಲು ದಪ್ಪಗೆ ಕೆನೆಗಟ್ಟಿತ್ತು.

*

ಬೆಳಗಾವಿಯಿಂದ ಮಗಳು ಸುಧಾರಾಣಿ ಬಂದು ಮುಟ್ಟಲೆಂದು ಒಂದು ರಾತ್ರಿ ಇಟ್ಟುಕೊಂಡಿದ್ದರು. ಭಜನೆಯವರು ತಾಳ ಕೆಳಗಿಟ್ಟು ಚಹಾ ಕುಡಿಯುತ್ತಿದ್ದರು. ಹೆಗಲು ಕೊಡುವವರು ಇನ್ನೂ ಹೆಗಲಿಗೆ ಟವೆಲು ಮಡಿಸಿಟ್ಟುಕೊಳ್ಳುವುದರಲ್ಲಿದ್ದರು. ಆ ಬಿಡುವಿನಲ್ಲಿ ಚಪ್ಪರದ ಕೆಳಗಿನ ಮಾತೆಲ್ಲ ಕಿಕ್ಕಿನದೇ.

ಬಹಳ ವರ್ಷಗಳ ಹಿಂದೆ, ಹಳೆಯ ಗಾಡಿಯ ಕಾಲದಲ್ಲಿ, ಮಳೆಯಲ್ಲಿ ಲಾರಿಯೊಂದು ಒರೆಸಿಕೊಂಡು ಹೋಗಿ ಹಾಲಸಿದ್ದಪ್ಪನ ಬಲ ಮೊಣಕಾಲು ಪುಡಿಯಾಗಿತ್ತು. ರಾಡು ಹಾಕಿದ ಡಾಕ್ಟರು, ಕಾಲು ಇಷ್ಟೇ ಬಾಗುವುದು, ಇನ್ನು ಗಾಡಿಯ ಆಸೆ ಬಿಡಿ ಅಂದರು. ಅವನು ಕೂತು ನೋಡಿದ. ಬ್ರೇಕು ಒತ್ತಲು ಅಷ್ಟು ಸಾಕಿತ್ತು. ಕಾಲೆತ್ತಿ ಕಿಕ್ ಹೊಡೆಯುವುದೊಂದು ಆಗುತ್ತಿರಲಿಲ್ಲ. ಅಂದಿನಿಂದ ಅವನು ಎಲ್ಲಿ ಗಾಡಿ ನಿಲ್ಲಿಸಿದರೂ ಅಲ್ಲಿಂದ ಹೊರಡಲು ಇನ್ನೊಬ್ಬರ ಕಾಲು ಬೇಕಾಯಿತು. ಬೆಳಿಗ್ಗೆಯದು ಹೆಂಡತಿಯ ಕಾಲು. ಉಳಿದ ದಿನಕ್ಕೆ ಮೂರು ಊರಿನವರ ಕಾಲು.

ಹಲಗೇರಿಯಲ್ಲಿ ಚಹಾದ ಅಂಗಡಿ ಇಟ್ಟಿರುವ ಹೊಳಿಯವ್ವ, ತನ್ನ ಗಿರಾಕಿಗಳಲ್ಲಿ ಅವನಿಗೆ ಒದ್ದು ಕೊಡದವರೇ ಇಲ್ಲ ಅಂದಳು. “ಯಾರೂ ಇಲ್ಲಂದ್ರ ನಾನ. ಸೌಟ ಕೈಯಾಗ ಹಿಡಕೊಂಡ ಒದ್ದೇನಿ. ಗಾಡಿ ಚಾಲೂ ಆದ್ರೂ ಹೋಗ್ತಿದ್ದಿಲ್ಲ ಮಾರಾಯ. ಎಮ್ಮಿ ಗಬ್ಬ ಆತೇನು, ಮಗಳ ಬಾಣಂತನಾ ಎಲ್ಲಿ ಅಂತ ಕೇಳಕೋತ ಎಣ್ಣಿ ಸುಡಾಂವ.”

ವಿಜಯಮಹಾಂತೇಶ ಸೊಂಟದ ಮೇಲೆ ಕೈಯಿಟ್ಟುಕೊಂಡು ತನ್ನದನ್ನು ಹೇಳಿದ. ಅವನಿಗೆ ಬೆನ್ನುಮೂಳೆಯ ಡಿಸ್ಕು ಜಾರಿ, ಭಾರ ಎತ್ತಬೇಡ, ಬಗ್ಗಬೇಡ ಎಂದು ಹೇಳಿದ್ದರಂತೆ. ಹಮಾಲರೆಲ್ಲ ಕೆಲಸದಲ್ಲಿರುವ ಹೊತ್ತು ನೋಡಿಯೇ ಹಾಲಸಿದ್ದಪ್ಪ ಹೊರಡುತ್ತಿದ್ದನಂತೆ. “ಮಾಲಕ ನಾನು. ಅಂವ ಮ್ಯಾಲೆ ಕುಂತಿರಾಂವ ಸಂಸ್ಥಾನಿಕರ ಹಂಗ, ನಾ ಕೆಳಗ ಒದಿಯಾಂವ. ಇಡೀ ಪ್ಯಾಟಿ ನಿಂತ ನೋಡತಿತ್ತು.”

ಹೀಗೆ ಒಬ್ಬೊಬ್ಬರೂ ತಾವು ಹೊಡೆದ ಕಿಕ್ಕನ್ನು ಹೊರಗೆ ತೆಗೆದರು. ಗಿರಣಿಯವನೊಬ್ಬ ಮದುವೆಯ ಹೊಸ ಪ್ಯಾಂಟು ಹರಿದುಕೊಂಡಿದ್ದ. ಇನ್ನೊಬ್ಬನಿಗೆ ಕಿಕ್ಕು ತಿರುಗಿ ಬಡಿದು ಹಿಮ್ಮಡಿ ಊದಿತ್ತು. ಸುಮ್ಮನಿದ್ದವನು ಫಕ್ಕೀರಸಾಬ ಒಬ್ಬನೇ. ರಾಣೆಬೆನ್ನೂರಿನಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಅವನು ಬೋರಲು ಬಕೆಟ್ಟಿನ ಮೇಲೆ ಕೂತು, ಗಾಡಿಯ ಹ್ಯಾಂಡಲಿನ ಬಲಗಡೆ ಕರೀ ಟೇಪು ಸುತ್ತಿದ್ದ ಜಾಗವನ್ನೇ ನೋಡುತ್ತಿದ್ದ.

“ಅಲ್ಲೋ ಸಾಬಣ್ಣಾ,” ಅಂದ ವಿಜಯಮಹಾಂತೇಶ. “ಈ ಗಾಡೀಗೆ ಸೆಲ್ಫ್ ಸ್ಟಾರ್ಟ್ ಇತ್ತಲಾ. ಅದೊಂದು ರಿಪೇರಿ ಮಾಡಿದ್ರ ನಮ್ಮ ಸೊಂಟ ಉಳೀತಿತ್ತು.”

ಫಕ್ಕೀರಸಾಬ ಚಹಾದ ಲೋಟದೊಳಗೆ ನೋಡುತ್ತ, “ಪಾರ್ಟು ಹುಬ್ಬಳ್ಳಿಯಿಂದ ಬರಬೇಕಿತ್ತರಿ,” ಅಂದ.

ಎಲ್ಲರೂ ತಲೆಯಾಡಿಸಿದರು. ವರ್ಷಗಟ್ಟಲೆ ಕೇಳಿದ್ದ ಉತ್ತರ ಅದು. ಹುಬ್ಬಳ್ಳಿ ಅಷ್ಟು ದೂರವೇನಲ್ಲ, ದಿನಕ್ಕೆ ಹತ್ತಾರು ರೈಲು ಇವೆ ಎಂಬುದು ಯಾರಿಗೂ ಹೊಳೆಯಲಿಲ್ಲ.

*

ಈ ಗಾಡಿ ಬಂದ ದಿನ ಶೈಲಾಳೇ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಿದ್ದಳು. ಹಾಲಸಿದ್ದಪ್ಪ ಹೆಬ್ಬೆರಳಿನಿಂದ ಗುಂಡಿ ಒತ್ತಿದ. ಗುರ್ ಅಂತು.

“ಅಬಾ, ಇನ್ನ ನನ್ನ ಡ್ಯೂಟಿ ಮುಗೀತು,” ಅಂದಳು ಅವಳು. ಖರೇನೇ ಹಗುರಾಗಿತ್ತು ಅವಳಿಗೆ. ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಒಳಗೇ ಉಳಿದಳು. ಹೊರಗೆ ಗುರ್ ಅಂದದ್ದು ಕೇಳಿಸಿತು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುವಷ್ಟರಲ್ಲಿ ಅವನು ಓಣಿಯ ತಿರುವಿನಲ್ಲಿದ್ದ. ಅದರ ಮರುದಿನ ಬಾಗಿಲಿಗೂ ಬರಲಿಲ್ಲ.

ಹಾಗೆ ಕೆಲವು ದಿನ ಹೋದವು. ಒಂದು ಬೆಳಿಗ್ಗೆ ಮತ್ತೆ, “ಶೈಲಾ, ಬಾ.”

ಸೆಲ್ಫು ಹೋಗಿದೆ ಅಂದ. ಅವಳಿಗೆ ಸಿಟ್ಟು ನೆತ್ತಿಗೇರಿತು. ಹೊಸಾ ಗಾಡಿ, ಅಮಾಸಿ ಹೋಗಿ ಹುಣ್ಣಿಮಿ ಬರೂದರಾಗ ಕೆಡೂದಂದ್ರೇನು ಎಂದು, ಮಾರಿದವರ ಜೊತೆ ಜಗಳಕ್ಕೆ ತಾನೇ ಹೊರಟಳು. ಅವನು ಅಡ್ಡ ನಿಂತ. ಫಕ್ಕೀರಸಾಬ ನೋಡಿದ್ದಾನೆ, ಸಣ್ಣದೊಂದು ಪಾರ್ಟು, ಹುಬ್ಬಳ್ಳಿಯಿಂದ ಬರಬೇಕು, ಒಂದು ವಾರದ ಮಾತು ಅಂದ. ನೀರು ಇಳಿಯಬಾರದೆಂದು ಗುಂಡಿಗೆ ಟೇಪು ಸುತ್ತಿಸಿಕೊಂಡು ಬಂದಿದ್ದ.

ಅವಳು ಬೈಯುತ್ತಲೇ ಒದ್ದಳು. ಡುರ್‌ರ್‌ರ್ ಎಂದು ಸದ್ದು ಬಂತು. ಕಾಲು ತೆಗೆದು ಹಿಂದೆ ಸರಿದಳು. ಸದ್ದು ಬಂದದ್ದು ಗಾಡಿಯಿಂದಲ್ಲ, ಅವನ ಬಾಯಿಂದ. ಛತ್ರಿಯ ಹಿಡಿಯಿಂದ ಅವನ ಹೆಲ್ಮೆಟ್ಟಿಗೆ ಒಂದು ಕೊಟ್ಟು ಮತ್ತೆ ಒದ್ದಳು.

ಆ ವಾರ ಹೋಯಿತು, ಆ ಮಳೆಗಾಲವೂ ಹೋಯಿತು. ಪಾರ್ಟು ಹುಬ್ಬಳ್ಳಿ ಬಿಡಲಿಲ್ಲ. ಚಳಿಯಲ್ಲಿ ಎಂಜಿನ್ನು ಬೇಗ ಹಿಡಿಯುತ್ತಿರಲಿಲ್ಲ, ಶಾಲು ಜಾರುತ್ತಿತ್ತು. ಬೇಸಿಗೆಯಲ್ಲಿ ಅವನ ತಲೆಗೆ ಒದ್ದೆ ಟವೆಲು ಸುತ್ತಿ ಆಮೇಲೆ ಒದೆಯುತ್ತಿದ್ದಳು. ಆಷಾಢದಲ್ಲಿ ಒಂದು ಕೈಯಲ್ಲಿ ಛತ್ರಿ. ಯುಗಾದಿಗೆ ಹೊಸ ಸೀರೆಯಲ್ಲಿ. ಗಾಡಿ ಹಿಡಿಯುವತನಕ ನಿಂತು ಮಾತಾಡಬೇಕಲ್ಲ, ಮಗಳಿಗೆ ಬಂದ ವರನ ಮಾತು, ಅಟ್ಟದ ಸೋರಿಕೆ, ಅವಳ ದವಡೆಯ ಹಲ್ಲು ಕೀಳಿಸುವುದೋ ಬಿಡುವುದೋ, ಎಲ್ಲವೂ ಅಲ್ಲೇ ತೀರ್ಮಾನವಾದವು. ಅವನು ಹೋದ ಮೇಲೆ ಮನೆಯೊಳಗೆ ಸಂಜೆಯತನಕ ಯಾರೂ ಮಾತಾಡುತ್ತಿರಲಿಲ್ಲ.

*

ವಿಮಾನ ಎತ್ತಿದರು. ಒಮ್ಮೆ ಎತ್ತಿದ ಮೇಲೆ ಓಣಿ ದಾಟುವತನಕ ಇಳಿಸುವಂತಿಲ್ಲ. ಹೊತ್ತವರು ಗೇಟಿನ ಬಳಿ ನಿಂತು ಗಾಡಿಯ ಕಡೆ ನೋಡಿದರು. ಭಜನೆಯವರು ತಾಳ ಎತ್ತಿಕೊಂಡರು.

ಶೈಲಾ ಹೊಸ್ತಿಲಿಗೆ ಬಂದಳು. ನೀಲಗಂಗವ್ವ ರಟ್ಟೆ ಹಿಡಿದಳು. ಸುಧಾರಾಣಿ ಆ ಕೈಯನ್ನು ಮೆಲ್ಲಗೆ ಬಿಡಿಸಿ, “ಬಿಡ್ರಿ ಅತ್ತಿ, ಹೋಗ್ಲಿ,” ಅಂದಳು. ಅಪ್ಪನ ಕಿಸೆಯಿಂದ ತೆಗೆದಿಟ್ಟಿದ್ದ ಚಾವಿಯನ್ನು ಅವ್ವನ ಕೈಯಲ್ಲಿಟ್ಟಳು.

ಅವಳು ಅಂಗಳ ದಾಟಿದಳು. ಮುಸುಕು ತೆಗೆದಳು. ಚಾವಿ ತಿರುವಿ, ಸೀರೆ ಎತ್ತಿ ಸಿಗಿಸಿ, ಕಿಕ್ಕಿನ ಮೇಲೆ ಕಾಲಿಟ್ಟಳು.

ಹಿಡಿಯಲಿಲ್ಲ.

ಮತ್ತೊಮ್ಮೆ ಒದ್ದಳು. ಎಂಜಿನ್ನು ಕೆಮ್ಮಿ ಸುಮ್ಮನಾಯಿತು. ನಿನ್ನೆಯಿಂದ ಹೊಟ್ಟೆಗೆ ಏನೂ ಇಲ್ಲದ ಕಾಲು. ಮೂರನೆಯ ಸಲ ಪಾದ ಜಾರಿ, ಕಿಕ್ಕು ತಿರುಗಿ ಮೊಣಕಾಲಿನ ಕೆಳಗೆ ಬಡಿಯಿತು. ಅವಳು ಬಗ್ಗಿಯೂ ನೋಡಲಿಲ್ಲ. ಚಪ್ಪರದ ಕೆಳಗಿದ್ದವರು ನೆಲ ನೋಡತೊಡಗಿದರು. ಹೊತ್ತವರು ಹೆಗಲು ಬದಲಿಸಿದರು.

“ನಾ ಒದೀಲೇನ್ರಿ ವೈನಿ?” ವಿಜಯಮಹಾಂತೇಶ ಮುಂದೆ ಬಂದ.

“ಬ್ಯಾಡ.”

ಮತ್ತೆ ಒದ್ದಳು. ಮತ್ತೆ. ಈಗ ಕಿಕ್ಕು ಪೂರ್ತಿ ಕೆಳಗೂ ಹೋಗುತ್ತಿರಲಿಲ್ಲ. ಒಂದು ಕೈಯಲ್ಲಿ ಸೀಟು ಹಿಡಿದು, ಕಾಲನ್ನು ಅಲ್ಲೇ ಇಟ್ಟು ನಿಂತುಬಿಟ್ಟಳು, ನಿನ್ನೆ ನಿಂತಿದ್ದ ಹಾಗೆಯೇ. ತಗಡಿನ ಅಂಚಿನ ಮಳೆನೀರು ಅವಳ ತಲೆಯ ಮೇಲೆ ಬೀಳುತ್ತಿತ್ತು. ನೀಲಗಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಫಕ್ಕೀರಸಾಬ ಬಕೆಟ್ಟಿನಿಂದ ಎದ್ದ.

“ವೈನಿ, ಸ್ವಲ್ಪ ಸರೀರಿ.”

“ನೀನೂ ಒದೀಬ್ಯಾಡ ಸಾಬಣ್ಣಾ.”

“ಒದಿಯೂದಿಲ್ರಿ.”

ವಿಮಾನದ ಕಡೆ ತಿರುಗಿ, ಮಾಫ್ ಮಾಡಪಾ ದೋಸ್ತ, ಎಂದು ತನಗಷ್ಟೇ ಕೇಳುವಂತೆ ಅಂದ. ಉಗುರಿನಿಂದ ಟೇಪಿನ ತುದಿ ಎಬ್ಬಿಸಿ ಬಿಚ್ಚತೊಡಗಿದ. ಹೊಸ ಟೇಪಿನ ಕೆಳಗೆ ಹಳೆಯದು, ಅದರ ಕೆಳಗೆ ಇನ್ನೂ ಹಳೆಯದು. ಕೊನೆಗೆ ಗುಂಡಿ ಕಂಡಿತು, ಅಂಗಡಿಯಿಂದ ಬಂದ ದಿನದ ಹೊಳಪಿನಲ್ಲಿ. ಹೆಬ್ಬೆರಳಿಟ್ಟು ಒತ್ತಿದ.

ಗುರ್ ಅಂತು.

ತಾಳ ನಿಂತವು. ಗಾಡಿ ಒಂದೇ ಸಮನೆ ನಡುಗುತ್ತ ನಿಂತಿತ್ತು. ಹಿಂದಿನ ಚೀಲಗಳಿಂದ ಕೆಂಪು ಧೂಳು ಸಣ್ಣಗೆ ಉದುರುತ್ತಿತ್ತು. ಶೈಲಾ ಗುಂಡಿಯನ್ನು ನೋಡಿದಳು, ಫಕ್ಕೀರಸಾಬನನ್ನು ನೋಡಿದಳು.

“ಪಾರ್ಟು ಬಂತೇನು?”

“ಹೋಗೇ ಇದ್ದಿಲ್ರಿ ಅದು.” ಅವನು ತಲೆ ತಗ್ಗಿಸಿದ. “ಒಂದ್ ದಿನಾನೂ ಕೆಟ್ಟಿಲ್ಲ. ಬಾಯಿ ಬಿಟ್ಟೀ ಅಂದ್ರ ನೋಡು ಅಂತ ಆಣಿ ಹಾಕಿಸಿದ್ದ. ಟೇಪ್ ಸಡ್ಲಾದಾಗೊಮ್ಮೆ ಬಂದು ಹೊಸಾದು ಸುತ್ತಸ್ಕೊಂಡು ಹೋಗಾಂವ. ಮೊನ್ನೆ ಬ್ಯಾಟರಿ ಸುದ್ದಾ ಬದಲಿ ಮಾಡಿಸ್ಯಾನ.”

“ನನಗ ಸುಳ್ಳು ಹೇಳಿದ್ನ?”

“ಎಲ್ಲಾರಿಗೂ ಹೇಳ್ಯಾನ್ರಿ.”

ವಿಜಯಮಹಾಂತೇಶನ ಕೈ ತಾನೇ ಸೊಂಟಕ್ಕೆ ಹೋಯಿತು. “ಲೇ ಹಾಲಸಿದ್ದ್ಯಾ,” ಅಂದ, ವಿಮಾನದಲ್ಲಿ ಕೂತವನಿಗೆ, ಉತ್ತರ ಬರುವುದೆಂಬಂತೆ. “ನನ್ನ ಡಿಸ್ಕಲೇ.” ಗಿರಣಿಯವನು ತನ್ನ ಪ್ಯಾಂಟು ಮುಟ್ಟಿ ನೋಡಿಕೊಂಡ. ಸೌಟ ಹಿಡದು ಒದ್ದೇನಲ್ಲೋ ನಿನಗ, ಎಂದು ಹೊಳಿಯವ್ವ ಬಾಯಿಗೆ ಕೈ ಅಡ್ಡ ಇಟ್ಟಳು. ಗುಂಪಿನಲ್ಲಿ ಯಾರದ್ದೋ ಮೂಗಿನಿಂದ ಸೀನಿನಂಥದ್ದೊಂದು ಹೊರಟಿತು. ಅದು ಸೀನಲ್ಲವೆಂದು ಎಲ್ಲರಿಗೂ ತಿಳಿಯಿತು.

ಶೈಲಾಳ ಭುಜ ಅಲುಗತೊಡಗಿದವು. ಅಂತೂ ಬಂತು ಎಂದು ನೀಲಗಂಗವ್ವ ಓಡಿ ಬಂದು ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಒತ್ತಿಕೊಂಡವಳು ಹಾಗೇ ಹಿಂದೆ ಸರಿದು ಮುಖ ನೋಡಿದಳು.

ಶೈಲಾ ನಗುತ್ತಿದ್ದಳು.

ಚಾವಿ ತಿರುವಿ ಗಾಡಿ ಬಂದ್ ಮಾಡಿದಳು. ತನ್ನ ಹೆಬ್ಬೆರಳಿನಿಂದ ಗುಂಡಿ ಒತ್ತಿದಳು. ಗುರ್. ಬಂದ್ ಮಾಡಿ ಮತ್ತೆ ಒತ್ತಿದಳು. ಗುರ್. ಪ್ರತಿ ಸಲಕ್ಕೂ ನಗು ದೊಡ್ಡದಾಯಿತು. ಸೆರಗು ಜಾರಿತು, ಕಾಲಿನ ಗಾಯದಿಂದ ರಕ್ತ ಮಳೆನೀರಿಗೆ ಸೇರಿ ಇಳಿಯಿತು, ಅವಳು ಸೀಟಿನ ಮೇಲೆ ಬಗ್ಗಿ ಹೊಟ್ಟೆ ಹಿಡಿದುಕೊಂಡಳು. ಈಗ ತಡೆದುಕೊಂಡವರು ಯಾರೂ ಉಳಿ‍ಯಲಿಲ್ಲ. ಅಯ್ಯನವರು ಶಾಲಿನಲ್ಲಿ ಮುಖ ಮರೆಸಿಕೊಂಡರು. ಸುಧಾರಾಣಿ ಹೊಸ್ತಿಲ ಮೇಲೆ ಕುಸಿದು ಕೂತಳು. ಗೇಟಿನ ಬಳಿ ವಿಮಾನ ಹೊತ್ತವರ ಹೆಗಲೂ ಕುಲುಕತೊಡಗಿದವು. ಆ ಕುಲುಕಿಗೆ ಮೇಲೆ ಕೂತವನ ಬಲಗಾಲು, ವಿಮಾನದ ಹೊರಗೆ, ಕಿಕ್ ಹೊಡೆಯುವಂತೆ ಮೆಲ್ಲಗೆ ಮೇಲೆ ಕೆಳಗೆ ಆಡಿತು. ಅದನ್ನು ಬೆರಳು ಮಾಡಿ ತೋರಿಸುತ್ತ, ಗಾಡಿಯ ಸದ್ದನ್ನೂ ಮೀರಿ, ಎಲ್ಲರಿಗಿಂತ ಜೋರಾಗಿ ಶೈಲಾ ನಗುತ್ತಿದ್ದಳು.